ಹಳೆಯ ಫೋರ್ ವೀಲ್ ಪಿಕಪ್ಪಿಗೆ ಓವರ್‌ಡ್ರೈವ್ ಆರಿಸುವುದು ಹೇಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳ ಅಂಗಳದಲ್ಲಿ ಹಳೆಯ ಮಹೀಂದ್ರಾ ಜೀಪು ಅಥವಾ ಅದೇ ಚಾಸಿಯ ಪಿಕಪ್ಪು ಇನ್ನೂ ಉಳಿದಿರುವುದಕ್ಕೆ ಅಭಿಮಾನವೊಂದೇ ಕಾರಣವಲ್ಲ. ಬೆಟ್ಟದಿಂದ ಸೊಪ್ಪು ತರಲು, ತೋಟದಿಂದ ಹಸಿ ಅಡಿಕೆ ಏರಿಸಲು, ಮಳೆಗಾಲದ ಕೆಸರಿನಲ್ಲಿ ಮನೆಯವರೆಗೆ ಗೊಬ್ಬರ ಮುಟ್ಟಿಸಲು ಅದು ಸಾಕಾಗುತ್ತದೆ. ಅದೇ ವಾಹನವು ಕುಮಟಾಕ್ಕೆ ಇಳಿದು ರಾಷ್ಟ್ರೀಯ ಹೆದ್ದಾರಿ 66ನ್ನು ಹಿಡಿದಾಗ ಮಾತ್ರ, ವೇಗ 60 ಕಿ.ಮೀ. ದಾಟುತ್ತಿದ್ದಂತೆ ಎಂಜಿನ್ ಅರಚತೊಡಗುತ್ತದೆ. ಆಗ ‘ಐದು ಗೇರಿನದು ಹಾಕಿಸಿಬಿಡಿ’ ಎಂಬ ಸಲಹೆ ಕೇಳದಿದ್ದರೂ ಬರುತ್ತದೆ. ಹುಬ್ಬಳ್ಳಿಯ ಗುಜರಿಯಲ್ಲಿ ಕೈಗೆ ಸಿಕ್ಕ ಗೇರ್‌ಬಾಕ್ಸನ್ನು ತಂದು, ಅದು ಕೂರದೆ ಗ್ಯಾರೇಜಿನ ಮೂಲೆಯಲ್ಲಿ ತಿಂಗಳುಗಟ್ಟಲೆ ಬಿದ್ದು, ಕೊನೆಗೆ ಗುಜರಿಗೇ ಮರಳಿದ ಪ್ರಸಂಗಗಳನ್ನು ಹಲವು ಬಾರಿ ನೋಡಿದ್ದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಎಂಜಿನ್ ಒಂದು ಸುತ್ತು ತಿರುಗಿದಾಗ ಗೇರ್‌ಬಾಕ್ಸಿನ ಹಿಂದಿನ ಶಾಫ್ಟು ಒಂದಕ್ಕಿಂತ ಹೆಚ್ಚು ಸುತ್ತು ತಿರುಗುವಂತೆ ಮಾಡುವ ಗೇರಿಗೆ ಓವರ್‌ಡ್ರೈವ್ ಎನ್ನುತ್ತಾರೆ. ಐದು ಗೇರುಗಳಿದ್ದ ಮಾತ್ರಕ್ಕೆ ಅದು ಓವರ್‌ಡ್ರೈವ್ ಆಗಿರಲೇಬೇಕೆಂದಿಲ್ಲ; ಐದನೆಯದೇ ನೇರ ಗೇರಾಗಿರುವ, ಅಂದರೆ 1:1 ಇರುವ ಪೆಟ್ಟಿಗೆಗಳೂ ಇವೆ. ಅಂಥದ್ದನ್ನು ಹಾಕಿಸಿದರೆ ಹೆದ್ದಾರಿಯ ಅರಚಾಟ ಒಂದಿಷ್ಟೂ ತಗ್ಗುವುದಿಲ್ಲ.

ಮೊದಲ ಹೆಜ್ಜೆ: ವಾಹನ ಓಡುವ ದಾರಿಯನ್ನು ನೋಡಿ

ವಾಹನವು ವರ್ಷದ ಬಹುಪಾಲು ಮನೆ, ತೋಟ ಮತ್ತು ಶಿರಸಿ ಪೇಟೆಯ ನಡುವೆಯೇ ಓಡುವುದಾದರೆ ಓವರ್‌ಡ್ರೈವ್ ಬೇಡ. ದೇವಿಮನೆ ಘಟ್ಟವನ್ನಾಗಲಿ ಅರಬೈಲ್ ಘಟ್ಟವನ್ನಾಗಲಿ ಹೇರು ಹೊತ್ತು ಹತ್ತುವಾಗ ಆ ಗೇರು ಉಪಯೋಗಕ್ಕೆ ಬರುವುದಿಲ್ಲ, ಇಳಿಯುವಾಗ ಅದನ್ನು ಬಳಸಲೇಬಾರದು. ಎಂಜಿನ್ನಿನ ತಡೆ ಕಡಿಮೆಯಾಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ವಾರಕ್ಕೊಮ್ಮೆಯಾದರೂ ಕಾರವಾರ, ಅಂಕೋಲಾ ಅಥವಾ ಹುಬ್ಬಳ್ಳಿಯ ಕಡೆ ಹೋಗುವವರು ಮುಂದಕ್ಕೆ ಓದಬಹುದು.

ಎರಡನೆಯ ಹೆಜ್ಜೆ: ಅಳೆಯಿರಿ, ಎಣಿಸಿ, ಲೆಕ್ಕ ಹಾಕಿ

ಹೆಚ್ಚಿನವರು ಎಡವುವುದು ಇಲ್ಲಿಯೇ, ಏಕೆಂದರೆ ಈ ಹೆಜ್ಜೆಯನ್ನು ಅವರು ಇಡುವುದೇ ಇಲ್ಲ. ‘ನನ್ನದು ಇಂಥ ಮಾಡೆಲ್ಲು, ಆದ್ದರಿಂದ ಕ್ರೌನ್ ಇಂಥದ್ದೇ’ ಎಂದು ನಂಬಬೇಡಿ. ಎರಡು ಚಕ್ರಗಳ ನಡುವಿನ ಕವಚದೊಳಗೆ, ಅಂದರೆ ಹೌಸಿಂಗಿನೊಳಗೆ, ಇರುವ ದೊಡ್ಡ ಹಲ್ಲುಗಾಲಿಯೇ ಕ್ರೌನ್; ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟು ಎಷ್ಟು ಸುತ್ತು ತಿರುಗಬೇಕೆಂಬ ಅನುಪಾತ ಅದರಿಂದ ಬರುತ್ತದೆ. ಮೂವತ್ತು ನಲವತ್ತು ವರ್ಷಗಳಲ್ಲಿ ಹಲವು ಕೈ ಬದಲಾದ ವಾಹನದ ಹೌಸಿಂಗಿನೊಳಗೆ ಏನಿದೆ ಎಂಬುದನ್ನು ಎಣಿಸಿಯೇ ತಿಳಿಯಬೇಕು.

ವಾಹನವನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ನೆಲದ ಮೇಲೇ ಉಳಿಯುವ ಮೂರು ಚಕ್ರಗಳಿಗೂ ಹಿಂದೆ ಮುಂದೆ ಕಟ್ಟೆ ಕೊಡಿ. ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಿಂದ ಎತ್ತಿ, ಹೌಸಿಂಗಿನ ಕೆಳಗೆ ಸ್ಟ್ಯಾಂಡ್ ಇಡಿ. ಜಾಕಿಯೊಂದನ್ನೇ ನಂಬಿ ಕೆಳಗೆ ನುಸುಳಬೇಡಿ. ಟ್ರಾನ್ಸ್‌ಫರ್ ಕೇಸನ್ನು, ಅಂದರೆ ಗೇರ್‌ಬಾಕ್ಸಿನ ಹಿಂದಿದ್ದು ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆಯನ್ನು, ನ್ಯೂಟ್ರಲ್ಲಿಗೆ ತಂದು ಹ್ಯಾಂಡ್ ಬ್ರೇಕನ್ನು ಬಿಡಿ. ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ಮು ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿದ್ದು ಪ್ರೊಪೆಲ್ಲರ್ ಶಾಫ್ಟನ್ನೇ ಹಿಡಿಯುವುದರಿಂದ, ಅದನ್ನು ಬಿಡದಿದ್ದರೆ ಏನೂ ತಿರುಗುವುದಿಲ್ಲ. ಅದನ್ನು ಬಿಡಬೇಕಾಗಿರುವುದರಿಂದಲೇ ಚಕ್ರಕ್ಕೆ ಕಟ್ಟೆ ಕೊಡಲು ಹೇಳಿದ್ದು. ಈಗ ಟೈರಿನ ಮೇಲೂ ಶಾಫ್ಟಿನ ಮೇಲೂ ಸುಣ್ಣದ ಗುರುತು ಹಾಕಿ, ಎತ್ತಿದ ಚಕ್ರವನ್ನು 20 ಪೂರ್ಣ ಸುತ್ತು ತಿರುಗಿಸಿ, ಇನ್ನೊಬ್ಬರು ಶಾಫ್ಟಿನ ಸುತ್ತನ್ನು ಎಣಿಸಲಿ. ಒಂದು ಚಕ್ರ ನೆಲದಲ್ಲಿ ನಿಂತಿರುವಾಗ ಇನ್ನೊಂದು ಎರಡು ಸುತ್ತು ತಿರುಗಿದರೆ ಕ್ರೌನ್ ತಿರುಗುವುದು ಒಂದೇ ಸುತ್ತು. ಆದ್ದರಿಂದ 20 ಸುತ್ತಿಗೆ ಶಾಫ್ಟು ಸುಮಾರು 54 ಸುತ್ತು ತಿರುಗಿದರೆ ನಿಮ್ಮ ಕ್ರೌನ್ 5.38, 49ಕ್ಕೆ ಸಮೀಪವಿದ್ದರೆ 4.88, 43ಕ್ಕೆ ಸಮೀಪವಿದ್ದರೆ 4.27. ಹೌಸಿಂಗಿನ ಮುಚ್ಚಳ ತೆರೆದು ಕ್ರೌನಿನ ಮತ್ತು ಅದನ್ನು ತಿರುಗಿಸುವ ಚಿಕ್ಕ ಪಿನಿಯನ್ನಿನ ಹಲ್ಲು ಎಣಿಸಿದರೆ ಇವು ಕ್ರಮವಾಗಿ 43ಕ್ಕೆ 8, 39ಕ್ಕೆ 8 ಮತ್ತು 47ಕ್ಕೆ 11 ಎಂದು ಕಾಣುತ್ತವೆ. ಮುಂದಿನ ಹೌಸಿಂಗನ್ನೂ ಇದೇ ರೀತಿ ಪರೀಕ್ಷಿಸಿ, ಮುಂದಿನ ಚಕ್ರಗಳನ್ನು ಆಕ್ಸಲಿಗೆ ಜೋಡಿಸುವ ಹಬ್ ಲಾಕ್ ಇದ್ದರೆ ಮೊದಲು ಅದನ್ನು ಹಾಕಿಕೊಳ್ಳಿ. ಹಿಂದೊಂದು ಮುಂದೊಂದು ಅನುಪಾತದ ಕ್ರೌನ್ ಕೂಡಿಸಿದ ವಾಹನಗಳು ಅಪರೂಪವಲ್ಲ, ಅಂಥವು ಫೋರ್ ವೀಲ್ ಹಾಕಿದ ದಿನವೇ ಏನನ್ನಾದರೂ ಮುರಿದುಕೊಳ್ಳುತ್ತವೆ.

ಬಳಿಕ ಟೈರಿನ ಮೇಲೆ ಒಂದು ಗುರುತು, ಅದರ ನೇರಕ್ಕೆ ನೆಲದ ಮೇಲೆ ಒಂದು ಗುರುತು ಹಾಕಿ, ವಾಹನವನ್ನು ಚಕ್ರದ ಒಂದು ಸುತ್ತಿನಷ್ಟು ತಳ್ಳಿ ಅಂತರವನ್ನು ಟೇಪಿನಿಂದ ಅಳೆಯಿರಿ. 235/75 ಆರ್15 ಟೈರಿಗೆ ಇದು ಸುಮಾರು 2.25 ಮೀಟರ್ ಬರುತ್ತದೆ.

ಮುಂದಿನ ಲೆಕ್ಕ ಸುಲಭ. ಗಂಟೆಗೆ 60 ಕಿ.ಮೀ. ಎಂದರೆ ನಿಮಿಷಕ್ಕೆ 1000 ಮೀಟರ್. ಅದನ್ನು 2.25ರಿಂದ ಭಾಗಿಸಿದರೆ ಚಕ್ರ ನಿಮಿಷಕ್ಕೆ 444 ಸುತ್ತು ತಿರುಗುತ್ತದೆ. ಅದನ್ನು ಕ್ರೌನಿನ ಅನುಪಾತದಿಂದ, ಮತ್ತೆ ಗೇರಿನ ಅನುಪಾತದಿಂದ ಗುಣಿಸಿದರೆ ಎಂಜಿನ್ನಿನ ಆರ್‌ಪಿಎಂ ಸಿಗುತ್ತದೆ. 5.38ರ ಕ್ರೌನಿನಲ್ಲಿ, ನೇರ ಟಾಪ್ ಗೇರಿನಲ್ಲಿ, 60ರ ವೇಗಕ್ಕೆ ಸುಮಾರು 2390, 80ಕ್ಕೆ ಸುಮಾರು 3190. ಹಳೆಯ ಡೀಸೆಲ್ ಎಂಜಿನ್ ಅರಚುವುದು ಸಹಜವೆಂದು ಇಲ್ಲಿಯೇ ತಿಳಿಯುತ್ತದೆ. 0.75ರ ಓವರ್‌ಡ್ರೈವ್ ಸೇರಿಸಿದರೆ 80ರ ವೇಗದಲ್ಲಿ ಎಂಜಿನ್ ಸುಮಾರು 2390ಕ್ಕೆ ಇಳಿಯುತ್ತದೆ, ಅಂದರೆ ಇಂದು 60ರಲ್ಲಿ ಕೇಳುವ ಸದ್ದು 80ರಲ್ಲಿ ಕೇಳುತ್ತದೆ.

ಈ ಲೆಕ್ಕವನ್ನು ತಿರುಗಿಸಿಯೂ ನೋಡಬೇಕು. ಟರ್ಬೊ ಇಲ್ಲದ ಹಳೆಯ ಡೀಸೆಲ್ ಎಂಜಿನ್ನುಗಳು ಚೆನ್ನಾಗಿ ಎಳೆಯುವುದು ಸುಮಾರು 1500ರಿಂದ 2000 ಆರ್‌ಪಿಎಂ ನಡುವೆ. ಸಿಜೆ3ಬಿ ಎಂಬ ಹಳೆಯ ಗಿಡ್ಡ ಜೀಪಿನ ಹರಿಕೇನ್ ಪೆಟ್ರೋಲ್ ಎಂಜಿನ್ನಿನ ಗರಿಷ್ಠ ಟಾರ್ಕ್ ಇರುವುದೂ 2000ದಲ್ಲಿ. ಓವರ್‌ಡ್ರೈವಿನಲ್ಲಿ 60ರ ವೇಗಕ್ಕೆ ಎಂಜಿನ್ 1700ಕ್ಕಿಂತ ಕೆಳಗೆ ಇಳಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. 5.38ರ ಕ್ರೌನಿಗೆ 0.75 ಸೇರಿದರೆ 1790 ಬರುತ್ತದೆ, 4.88ಕ್ಕೆ 0.85 ಸೇರಿದರೆ 1840 ಬರುತ್ತದೆ. ಎರಡೂ ಒಳ್ಳೆಯ ಜೋಡಿಗಳು. ಆದರೆ 4.27ಕ್ಕೆ 0.75 ಸೇರಿಸಿದರೆ 1420ಕ್ಕೆ ಕುಸಿದು, ಹೊನ್ನಾವರದ ಕಡೆಯ ಸಣ್ಣ ಏರು ಬಂದರೂ ಗೇರು ಇಳಿಸಬೇಕಾಗುತ್ತದೆ. ನಿಮ್ಮ ಕ್ರೌನ್ 4.27 ಆಗಿದ್ದರೆ ಗೇರ್‌ಬಾಕ್ಸಿಗೆ ತೆಗೆದಿಟ್ಟ ಹಣವನ್ನು ಎಂಜಿನ್ನಿನ ದುರಸ್ತಿಗೆ ಹಾಕಿ.

ಮೂರನೆಯ ಹೆಜ್ಜೆ: ಯಾವ ಬಗೆಯದು?

ಕ್ರೌನ್ ಬದಲಿಸುವುದು ಅಗ್ಗದ ದಾರಿಯೆಂದು ಹೇಳುವವರಿದ್ದಾರೆ. ಮುಂದಿನದು ಹಿಂದಿನದು ಎರಡನ್ನೂ ಬದಲಿಸಬೇಕು, ಮತ್ತು ಕೆಳಗಿನ ಗೇರುಗಳ ಶಕ್ತಿಯೂ ಅದರೊಂದಿಗೆ ಹೋಗುತ್ತದೆ. ಸಿಜೆ3ಬಿಯ ಟಿ-90 ಎಂಬ ಮೂರು ಗೇರಿನ ಪೆಟ್ಟಿಗೆಯಲ್ಲಿ ಮೊದಲ ಗೇರು 2.8, ಡಾನಾ 18 ಟ್ರಾನ್ಸ್‌ಫರ್ ಕೇಸಿನ ನಿಧಾನದ ‘ಲೋ’ ಗೇರು 2.46. 5.38ರ ಕ್ರೌನ್ ಸೇರಿಸಿ ಗುಣಿಸಿದರೆ ಒಟ್ಟು 37 ಆಗುವುದು, 4.27 ಹಾಕಿದರೆ 29ಕ್ಕೆ ಇಳಿಯುತ್ತದೆ. ಹೆದ್ದಾರಿಯ ಸುಖಕ್ಕಾಗಿ ತೋಟದ ಏರನ್ನು ಕಳೆದುಕೊಳ್ಳುವ ಈ ವ್ಯಾಪಾರವನ್ನು ನಾನು ಒಪ್ಪುವುದಿಲ್ಲ.

ಡಾನಾ 18ರ ಹಿಂಬದಿಯ ಪಿಟಿಓ (ಬೇರೆ ಯಂತ್ರಕ್ಕೆ ಶಕ್ತಿ ತೆಗೆಯುವ ಜಾಗ) ಮುಚ್ಚಳವನ್ನು ತೆಗೆದು ಆ ಜಾಗಕ್ಕೆ ಕೂರಿಸುವ ಚಿಕ್ಕ ಓವರ್‌ಡ್ರೈವ್ ಇನ್ನೊಂದು ಬಗೆ. ಅಮೆರಿಕದಲ್ಲಿ ಹಿಂದೆ ವಾರ್ನ್, ಬಳಿಕ ಸ್ಯಾಟರ್ನ್ ಹೆಸರಿನಲ್ಲಿ ಬಂದ ಇದು ಎಂಜಿನ್ನಿನ ಸುತ್ತನ್ನು ಸುಮಾರು ಶೇ 25ರಷ್ಟು ತಗ್ಗಿಸುತ್ತದೆ. ಶಾಫ್ಟುಗಳನ್ನು ಕತ್ತರಿಸಬೇಕಿಲ್ಲ, ಎಲ್ಲ ಗೇರುಗಳಲ್ಲೂ ಫೋರ್ ವೀಲಿನಲ್ಲೂ ಬಳಸಬಹುದು. ಚಾಸಿಯನ್ನು ಮುಟ್ಟಬಾರದೆನ್ನುವವರಿಗೆ ಇದೇ ಸರಿ. ಆದರೆ ಹೊರದೇಶದಿಂದ ತರಿಸಬೇಕು, ಮತ್ತು ಪಿಟಿಓದಿಂದ ವಿಂಚ್ ನಡೆಸುವವರು ವಿಂಚನ್ನು ಬಿಡಬೇಕು. ತರಿಸುವ ಮೊದಲು ನಿಮ್ಮ ಮೇನ್ ಶಾಫ್ಟಿನ ಹಿಂತುದಿಯ ಸ್ಪ್ಲೈನುಗಳನ್ನು, ಅಂದರೆ ಉದ್ದುದ್ದದ ಹಲ್ಲುಗಳನ್ನು, ಎಣಿಸಿ. ಟಿ-90ರಲ್ಲಿ ಅವು ಆರು.

ದೊಡ್ಡ ಅಮೆರಿಕನ್ ಪಿಕಪ್ಪುಗಳವರು ಟ್ರಾನ್ಸ್‌ಫರ್ ಕೇಸಿನ ಹಿಂದೆ ಕೂರಿಸುವ ಗೇರ್ ವೆಂಡರ್ಸ್ ಕಂಪನಿಯ 0.78ರ ಓವರ್‌ಡ್ರೈವ್ ಹಿಂದಿನ ಚಕ್ರಗಳನ್ನು ಮಾತ್ರ ವೇಗಗೊಳಿಸುತ್ತದೆ. ಅಲ್ಲಿ ಕೂರಿಸಿದಾಗ ಫೋರ್ ವೀಲಿನಲ್ಲಿ ಅದನ್ನು ಹಾಕಲೇಬಾರದು. ನಮ್ಮ ಗಿಡ್ಡ ಜೀಪುಗಳಲ್ಲಿ ಅದಕ್ಕೆ ಜಾಗವೂ ಇಲ್ಲ.

ಉಳಿದದ್ದು ಪೂರ್ತಿ ಐದು ಗೇರಿನ ಪೆಟ್ಟಿಗೆ. ಪ್ಯೂಜೊ ಮೂಲದ ಡೀಸೆಲ್ ಎಂಜಿನ್ ಇರುವ ಮಹೀಂದ್ರಾಗಳಿಗೆ ಅದೇ ಮೂಲದ ಬಿಎ-10 ಪೆಟ್ಟಿಗೆಯನ್ನೇ ಹುಡುಕಿ ಎನ್ನುತ್ತೇನೆ. ಬೇರೆ ಕಂಪನಿಯ ಪೆಟ್ಟಿಗೆಯನ್ನು ಎಂಜಿನ್ನಿಗೆ ಜೋಡಿಸಲು ಹೊಸ ಪ್ಲೇಟು ಮಾಡಿಸುವ ಗೊಡವೆಗೆ ಹೋಗಬೇಡಿ. ಐದು ಗೇರಿನ ಇನ್ನೊಂದು ಲಾಭ ಕೆಳಗಿನ ತುದಿಯಲ್ಲಿದೆ: ಮೊದಲ ಗೇರು 4ರ ಸುತ್ತಮುತ್ತ ಇದ್ದರೆ ಮೇಲೆ ಹೇಳಿದ 37ರ ಬದಲು 53 ದೊರೆಯುತ್ತದೆ, ಹೇರು ತುಂಬಿದ ಪಿಕಪ್ಪು ತೋಟದ ಏರಿನಲ್ಲಿ ಕ್ಲಚ್ ಸುಡದೆ ಹತ್ತುತ್ತದೆ.

ನಾಲ್ಕನೆಯ ಹೆಜ್ಜೆ: ಗುಜರಿಯಲ್ಲಿ ನೋಡಬೇಕಾದದ್ದು

ಟೂ ವೀಲ್ ವಾಹನದ ಗೇರ್‌ಬಾಕ್ಸ್ ತರಬೇಡಿ. ಹೊರಗಿನಿಂದ ಒಂದೇ ರೀತಿ ಕಂಡರೂ ಅದರ ಮೇನ್ ಶಾಫ್ಟಿನ ಹಿಂತುದಿ ಮತ್ತು ಹಿಂದಿನ ಹೌಸಿಂಗ್ ಬೇರೆ. ಟ್ರಾನ್ಸ್‌ಫರ್ ಕೇಸ್ ಕೂರುವುದಿಲ್ಲ. ‘ಶಾಫ್ಟ್ ಬದಲಿಸಿ ಕೊಡುತ್ತೇನೆ’ ಎನ್ನುವ ವ್ಯಾಪಾರಿಯ ಮಾತನ್ನು ಕೇಳಿಸಿಕೊಂಡು ಮುಂದಿನ ಅಂಗಡಿಗೆ ಹೋಗಿ. ತರುವುದಾದರೆ ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ), ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಲಿವರುಗಳು, ಕ್ಲಚ್ಚಿನ ಫೋರ್ಕ್, ಮೌಂಟಿಂಗಿನ ಪಟ್ಟಿ ಎಲ್ಲವನ್ನೂ ಒಂದೇ ವಾಹನದಿಂದ ಒಂದೇ ಸೆಟ್ಟಾಗಿ ತನ್ನಿ. ಹ್ಯಾಂಡ್ ಬ್ರೇಕಿನ ಡ್ರಮ್ಮು ಹೊಸ ಟ್ರಾನ್ಸ್‌ಫರ್ ಕೇಸಿನಲ್ಲಿ ಇದೆಯೇ ಎಂದು ನೋಡಲು ಮರೆಯಬೇಡಿ; ಇಲ್ಲದಿದ್ದರೆ ಘಟ್ಟದ ಮಧ್ಯೆ ನಿಲ್ಲಿಸಿದ ವಾಹನವನ್ನು ಹಿಡಿಯಲು ಕಲ್ಲೇ ಗತಿ. ಹಳೆಯ ಜೀಪುಗಳ ಹಿಂದಿನ ಕ್ರೌನಿನ ಉಬ್ಬು ಮಧ್ಯದಲ್ಲಿರದೆ ಬಲಕ್ಕೆ ಸರಿದಿರುತ್ತದೆ. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಹೊರತುದಿಯೂ ಅದೇ ಬದಿಗಿರಬೇಕು.

ಅಲ್ಲಿಯೇ ಗೇರ್‌ಬಾಕ್ಸಿನ ಮುಂದಿನ ಶಾಫ್ಟನ್ನು ಕೈಯಿಂದ ತಿರುಗಿಸಿ ಎಲ್ಲ ಗೇರುಗಳ ಅನುಪಾತವನ್ನೂ ಎಣಿಸಿ. ಐದನೆಯ ಗೇರಿನಲ್ಲಿ 10 ಸುತ್ತಿಗೆ ಹಿಂಬದಿ 12ಕ್ಕೆ ಸ್ವಲ್ಪ ಕಡಿಮೆ ತಿರುಗಿದರೆ ಅದು 0.85, ಹತ್ತೇ ತಿರುಗಿದರೆ ಓವರ್‌ಡ್ರೈವ್ ಅಲ್ಲ. ಆಯಿಲ್ ಸುರಿಸಿ ನೋಡಿ. ಹಾಲಿನ ಬಣ್ಣವಿದ್ದರೆ ನೀರು ಹೊಕ್ಕಿದೆ, ಹಿತ್ತಾಳೆಯ ಪುಡಿ ಹೊಳೆದರೆ, ಗೇರು ಸದ್ದಿಲ್ಲದೆ ಬೀಳಲು ನೆರವಾಗುವ ಸಿಂಕ್ರೊ ರಿಂಗುಗಳು ಸವೆದಿವೆ.

ಬೆಲ್ ಹೌಸಿಂಗ್ ಬದಲಾಗುವಾಗ ಒಂದು ಪರೀಕ್ಷೆಯನ್ನು ಎಂಥ ಗಡಿಬಿಡಿಯಲ್ಲೂ ಬಿಡಬಾರದು. ಗೇರ್‌ಬಾಕ್ಸ್ ಕೂರುವ ದುಂಡನೆಯ ತೂತಿನ ಕೇಂದ್ರವೂ ಕ್ರ್ಯಾಂಕ್ ಶಾಫ್ಟಿನ ಕೇಂದ್ರವೂ ಒಂದೇ ಆಗಿರಬೇಕು. ಡಯಲ್ ಗೇಜನ್ನು ಫ್ಲೈವೀಲಿಗೆ ಕಚ್ಚಿಸಿ, ಅದರ ಮುಳ್ಳು ತೂತಿನ ಒಳಅಂಚನ್ನು ಮುಟ್ಟುವಂತೆ ಇಟ್ಟು, ಕ್ರ್ಯಾಂಕನ್ನು ಒಂದು ಸುತ್ತು ತಿರುಗಿಸಿದಾಗ ಒಟ್ಟು ಓಲಾಟ 5 ಥೌ (ಇಂಚಿನ ಸಾವಿರದಲ್ಲಿ ಐದು ಭಾಗ), ಅಂದರೆ 0.13 ಮಿ.ಮೀ. ಮೀರಬಾರದು. ಮೀರಿದರೆ ಗೇರು ತಾನಾಗಿ ಕಳಚಿಕೊಳ್ಳುತ್ತದೆ, ಮುಂದಿನ ಬೇರಿಂಗ್ ಕೂಗುತ್ತದೆ, ಮೆಕ್ಯಾನಿಕ್ ಪಾಪ ಗೇರ್‌ಬಾಕ್ಸನ್ನೇ ಮೂರು ಸಲ ಬಿಚ್ಚುತ್ತಾನೆ. ಗ್ಯಾಸಿನಿಂದ ಕತ್ತರಿಸಿ, ಜಾಗವನ್ನು ಖಚಿತವಾಗಿ ಹಿಡಿಯುವ ಡೋವೆಲ್ ಪಿನ್ನಿಲ್ಲದೆ ಬೋಲ್ಟಿನ ಮೇಲೆಯೇ ನಿಲ್ಲಿಸುವ ಅಡಾಪ್ಟರ್ ಪ್ಲೇಟುಗಳು ಈ ಪರೀಕ್ಷೆಯಲ್ಲಿ ಗೆದ್ದದ್ದನ್ನು ನಾನು ನೋಡಿಲ್ಲ. ಸ್ಪ್ಲೈನ್ ಹೊಂದದ ಕ್ಲಚ್ ಪ್ಲೇಟಿನ ನಡುವಿನ ಹಬ್ಬನ್ನು ಕಿತ್ತು ಬೇರೆಯದನ್ನು ಬೆಸೆಯುವ ಒಳದಾರಿಯೂ ಬೇಡ. ಕ್ರ್ಯಾಂಕಿನ ತುದಿಯ ಪೈಲಟ್ ಬೇರಿಂಗಿನೊಳಗೆ ಗೇರ್‌ಬಾಕ್ಸಿನ ಶಾಫ್ಟಿನ ತುದಿ ಸರಿಯಾಗಿ ಹೊಕ್ಕಿರಬೇಕು, ಆದರೆ ಕ್ರ್ಯಾಂಕಿಗೆ ಒತ್ತಿಕೊಂಡಿರಬಾರದು.

ಐದನೆಯ ಹೆಜ್ಜೆ: ಉದ್ದದ ಲೆಕ್ಕ

ಹೊಸ ಪೆಟ್ಟಿಗೆ ಉದ್ದವಿದ್ದಷ್ಟೂ ಟ್ರಾನ್ಸ್‌ಫರ್ ಕೇಸ್ ಹಿಂದೆ ಸರಿಯುತ್ತದೆ, ಹಿಂದಿನ ಶಾಫ್ಟು ಗಿಡ್ಡವಾಗುತ್ತದೆ, ಅದರ ಓರೆ ಹೆಚ್ಚುತ್ತದೆ. 20 ಇಂಚಿನ ಶಾಫ್ಟು ಒಂದು ತುದಿಯಿಂದ ಇನ್ನೊಂದಕ್ಕೆ 4 ಇಂಚು ಇಳಿದಿದ್ದರೆ ಅದರ ಕೋನ ಸುಮಾರು 11.5 ಡಿಗ್ರಿ. ಅದೇ ಶಾಫ್ಟು 16 ಇಂಚಿಗೆ ಇಳಿದರೆ ಕೋನ 14.5 ಡಿಗ್ರಿಗೆ ಏರಿ ಯೂನಿವರ್ಸಲ್ ಜಾಯಿಂಟುಗಳು ಬೇಗ ಹೋಗುತ್ತವೆ. ಚಕ್ರಾಂತರ ಕೇವಲ 80 ಇಂಚು ಇರುವ ಸಿಜೆ3ಬಿಗೆ ಉದ್ದದ ಪೆಟ್ಟಿಗೆಯನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಅದಕ್ಕೆ ಪಿಟಿಓ ಜಾಗದ ಓವರ್‌ಡ್ರೈವೇ ಸರಿ. ಉದ್ದ ಚಾಸಿಯ ಪಿಕಪ್ಪಿಗೆ ಈ ತೊಂದರೆ ಇಲ್ಲ. ಹಿಂದಿನ ಶಾಫ್ಟನ್ನು ಗಿಡ್ಡ ಮಾಡಿಸಿ, ಮುಂದಿನದನ್ನು ಉದ್ದ ಮಾಡಿಸಿ, ಎರಡನ್ನೂ ಬ್ಯಾಲೆನ್ಸ್ ಮಾಡಿಸಿ.

ಕಾಗದಪತ್ರ ಮತ್ತು ಆಯಿಲ್

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ವಿವರಗಳಿಗೆ ಹೊಂದದ ಬದಲಾವಣೆಯನ್ನು ನಿರ್ಬಂಧಿಸುವುದರಿಂದ, ಕೆಎ 30 (ಕಾರವಾರ) ಆಗಲಿ ಕೆಎ 31 (ಶಿರಸಿ) ಆಗಲಿ, ನಿಮ್ಮ ಆರ್‌ಟಿಓ ಕಚೇರಿಯಲ್ಲೂ ವಿಮೆಯವರಲ್ಲೂ ಕೆಲಸಕ್ಕೆ ಮೊದಲೇ ವಿಚಾರಿಸಿ.

ಹಿತ್ತಾಳೆಯ ಸಿಂಕ್ರೊ ರಿಂಗುಗಳಿರುವ ಪೆಟ್ಟಿಗೆಗೆ ಜಿಎಲ್-4 ದರ್ಜೆಯ ಆಯಿಲನ್ನು ಹಾಕಿ. ಹೌಸಿಂಗಿಗೆ ತಂದ ಜಿಎಲ್-5 ಆಯಿಲನ್ನೇ ಗೇರ್‌ಬಾಕ್ಸಿಗೂ ಸುರಿಯುವ ಅಭ್ಯಾಸ ನಮ್ಮಲ್ಲಿ ಎಲ್ಲೆಡೆ ಇದೆ. ಅದರಲ್ಲಿರುವ ಗಂಧಕ ಸೇರಿದ ರಾಸಾಯನಿಕಗಳು ಹಿತ್ತಾಳೆಯನ್ನು ತಿನ್ನಬಲ್ಲವು. ಪೆಟ್ಟಿಗೆಯ ಗಾಳಿ ಹೊರಬಿಡುವ ಬ್ರೀದರ್ ಪೈಪನ್ನು ಬೋನೆಟ್ಟಿನೊಳಗೆ ಎತ್ತರಕ್ಕೆ ಕಟ್ಟಿ, ಹಳ್ಳ ದಾಟುವಾಗ ನೀರು ಒಳಸೇರುವುದು ತಪ್ಪುತ್ತದೆ. ಮೊದಲ 500 ಕಿ.ಮೀ. ಆದ ಮೇಲೆ ಆಯಿಲ್ ಬದಲಿಸಿ, ಮೌಂಟಿಂಗ್ ಮತ್ತು ಶಾಫ್ಟಿನ ಬೋಲ್ಟುಗಳನ್ನು ಒಮ್ಮೆ ಬಿಗಿ ನೋಡಿ. ಅಲ್ಲಿಯವರೆಗೆ ಹೇರು ಹಾಕಿ ಘಟ್ಟ ಹತ್ತಿಸಬೇಡಿ.