ಅಜೈಲ್ ತಂಡಗಳಿಗಾಗಿ ಒಂದು ಜೋಡಿ ಕಾರ್ಡಿನಾಟ: ನಿಯಮಗಳನ್ನು ನಾನು ರೂಪಿಸಿಕೊಂಡ ಬಗೆ

ಬೋರಲು ಹಾಕಿದ ಕಾರ್ಡುಗಳಲ್ಲಿ ಎರಡೆರಡನ್ನು ತೆರೆದು ಜೋಡಿ ಹುಡುಕುವ ಆಟ ಎಲ್ಲರಿಗೂ ಗೊತ್ತಿರುವಂಥದ್ದೇ. ಅದರಲ್ಲಿ ಒಂದೇ ಚಿತ್ರವಿರುವ ಎರಡು ಕಾರ್ಡುಗಳು ಸಿಕ್ಕರೆ ಆಯಿತು. ನೆನಪಿನ ಶಕ್ತಿಯ ಹೊರತು ಬೇರೇನೂ ಬೇಕಿಲ್ಲ. ಅಜೈಲ್ ಪದ್ಧತಿಯಲ್ಲಿ, ಅಂದರೆ ಸಣ್ಣ ಸಣ್ಣ ಹಂತಗಳಲ್ಲಿ ಮುಗಿಸುತ್ತ ಆಗಾಗ ತಿದ್ದಿಕೊಳ್ಳುತ್ತ, ಕೆಲಸ ಮಾಡುವ ಸಾಫ್ಟ್‌ವೇರ್ ತಂಡಗಳಿಗಾಗಿ ಈ ಆಟವನ್ನು ಅಳವಡಿಸಿಕೊಳ್ಳುವಾಗ ನಾನು ಮೊದಲು ಬದಲಾಯಿಸಿದ್ದು ಇದನ್ನೇ. ನನ್ನ ಆಟದಲ್ಲಿ ಒಂದು ಕಾರ್ಡಿನ ಮೇಲೆ ಹೆಸರಿದ್ದರೆ ಇನ್ನೊಂದರ ಮೇಲೆ ಅದರ ಉದ್ದೇಶವಿರುತ್ತದೆ, ಮತ್ತು ಅವೆರಡೂ ಏಕೆ ಜೋಡಿ ಎಂಬುದನ್ನು ಬಾಯಿಬಿಟ್ಟು ಹೇಳಿದ ಮೇಲಷ್ಟೇ ಆ ಜೋಡಿ ತಂಡದ ಪಾಲಾಗುತ್ತದೆ. ಸ್ಕ್ರಮ್ ಎಂಬ ಅಜೈಲ್ ಚೌಕಟ್ಟನ್ನು ಸರಿಯಾಗಿ ಬಳಸಲು ತಂಡಕ್ಕೆ ನೆರವಾಗುವ ಸ್ಕ್ರಮ್ ಮಾಸ್ಟರ್ ಆಗಿ ಹಲವು ತಂಡಗಳೊಡನೆ ಕೆಲಸ ಮಾಡುವ ನನಗೆ ಇದರ ಅಗತ್ಯ ಸ್ಪಷ್ಟವಾಗಿತ್ತು: ದಿನವೂ ಬಳಸುವ ಹೆಸರುಗಳನ್ನು ಎಲ್ಲರೂ ಬಲ್ಲರು, ಆದರೆ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಅರ್ಥವಿರುತ್ತದೆ.

ಯಾವ ಜೋಡಿಗಳನ್ನು ಇಡಬೇಕು ಎಂಬುದಕ್ಕೆ ನಾನು ಎರಡೇ ಆಕರಗಳನ್ನು ಇಟ್ಟುಕೊಂಡೆ. ಒಂದು, 2001ರಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿದ್ದ 17 ಜನ ಒಪ್ಪಿ ಬರೆದ ಅಜೈಲ್ ಮ್ಯಾನಿಫೆಸ್ಟೊ. ಇನ್ನೊಂದು, ಕೆನ್ ಶ್ವೇಬರ್ ಮತ್ತು ಜೆಫ್ ಸದರ್ಲ್ಯಾಂಡ್ ಅವರ ಸ್ಕ್ರಮ್ ಗೈಡ್‌ನ 2020ರ ಆವೃತ್ತಿ. ಮ್ಯಾನಿಫೆಸ್ಟೊದ ನಾಲ್ಕು ಮೌಲ್ಯಗಳು 'ಅದಕ್ಕಿಂತ ಇದು ಮುಖ್ಯ' ಎಂಬ ರೂಪದಲ್ಲಿಯೇ ಇರುವುದರಿಂದ ಅವುಗಳನ್ನು ಎರಡಾಗಿ ಬಿಡಿಸುವುದು ಸುಲಭ: 'ಒಪ್ಪಂದದ ಚೌಕಾಸಿಗಿಂತ' ಎಂಬುದು ಒಂದು ಕಾರ್ಡಾದರೆ, 'ಗ್ರಾಹಕರೊಡನೆ ಸಹಯೋಗ' ಎಂಬುದು ಅದರ ಜೊತೆಯ ಕಾರ್ಡು. ಸ್ಕ್ರಮ್ ಗೈಡ್‌ನಿಂದ ಪ್ರಾಡಕ್ಟ್ ಓನರ್ (ಉತ್ಪನ್ನದ ಮೌಲ್ಯಕ್ಕೆ ಹೊಣೆಯಾದವರು), ಸ್ಕ್ರಮ್ ಮಾಸ್ಟರ್, ಡೆವಲಪರ್‌ಗಳು ಎಂಬ ಮೂರು ಹೊಣೆಗಾರಿಕೆಗಳನ್ನೂ, ಸ್ಪ್ರಿಂಟ್‌ನಿಂದ (ಹೆಚ್ಚೆಂದರೆ ಒಂದು ತಿಂಗಳ ನಿಗದಿತ ಕೆಲಸದ ಅವಧಿ) ರೆಟ್ರೊವರೆಗಿನ (ಆ ಅವಧಿ ಹೇಗೆ ನಡೆಯಿತೆಂದು ಹಿಂತಿರುಗಿ ನೋಡುವ ಸಭೆ) ಐದು ಇವೆಂಟ್‌ಗಳನ್ನೂ ತೆಗೆದುಕೊಂಡೆ. ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು 2020ರ ಆವೃತ್ತಿಯೇ ಜೋಡಿಸಿಕೊಟ್ಟಿರುವ ಮೂರು ಜೋಡಿಗಳು: ಪ್ರಾಡಕ್ಟ್ ಬ್ಯಾಕ್‌ಲಾಗ್‌ಗೆ (ಉತ್ಪನ್ನಕ್ಕೆ ಆಗಬೇಕಾದ ಕೆಲಸಗಳ ಪಟ್ಟಿ) ಪ್ರಾಡಕ್ಟ್ ಗೋಲ್, ಸ್ಪ್ರಿಂಟ್ ಬ್ಯಾಕ್‌ಲಾಗ್‌ಗೆ ಸ್ಪ್ರಿಂಟ್ ಗೋಲ್, ಇನ್‌ಕ್ರಿಮೆಂಟ್‌ಗೆ (ಉತ್ಪನ್ನದಲ್ಲಿ ಹೊಸದಾಗಿ ಸಿದ್ಧವಾದ, ಬಳಸಬಹುದಾದ ಭಾಗ) ಡೆಫಿನಿಷನ್ ಆಫ್ ಡನ್ (ಕೆಲಸ ಮುಗಿಯಿತು ಎನ್ನಲು ಬೇಕಾದ ಅಳತೆಗೋಲು). ಒಟ್ಟು 15 ಜೋಡಿಗಳು, 30 ಕಾರ್ಡುಗಳು. ಇದರ ಜೊತೆಗೆ ಜೋಡಿಯೇ ಇಲ್ಲದ ಎರಡು 'ಅಡಚಣೆ' ಕಾರ್ಡುಗಳಿವೆ.

ಕೆಲಸದ ಗಾತ್ರ, ವೇಗ ಮತ್ತು ಉಳಿದ ಕೆಲಸವನ್ನು ಅಳೆಯಲು ಬಳಸುವ ಸ್ಟೋರಿ ಪಾಯಿಂಟ್, ವೆಲಾಸಿಟಿ, ಬರ್ನ್‌ಡೌನ್ ಚಾರ್ಟ್‌ಗಳು ಏಕಿಲ್ಲ ಎಂದು ಬಹಳ ಮಂದಿ ಕೇಳುತ್ತಾರೆ. ಇವುಗಳನ್ನು ಬಳಸಲೇಬೇಕೆಂದು ಸ್ಕ್ರಮ್ ಗೈಡ್ ಹೇಳುವುದಿಲ್ಲ, ಒಂದೊಂದು ತಂಡ ಇವುಗಳನ್ನು ಒಂದೊಂದು ರೀತಿಯಲ್ಲಿ ನಡೆಸಿಕೊಳ್ಳುತ್ತದೆ. ಆದ್ದರಿಂದ ಅವುಗಳಿಗಾಗಿ ಕೆಲವು ಖಾಲಿ ಕಾರ್ಡುಗಳನ್ನು ಕೊಡುತ್ತೇನೆ. ಹಾಗೆಯೇ ತಂಡದ ದಿನದ ಕಿರುಸಭೆಯಾದ ಡೈಲಿ ಸ್ಕ್ರಮ್‌ಗೆ 15 ನಿಮಿಷ, ಒಂದು ತಿಂಗಳ ಸ್ಪ್ರಿಂಟ್‌ನ ರೆಟ್ರೊಗೆ ಹೆಚ್ಚೆಂದರೆ 3 ಗಂಟೆ ಎಂಬಂಥ ಕಾಲಮಿತಿಗಳನ್ನು ಕಾರ್ಡಿನ ಮೇಲೆ ನಾನು ಬೇಕೆಂದೇ ಬರೆದಿಲ್ಲ. ಅಂಕಿ ಕಣ್ಣಿಗೆ ಬಿದ್ದರೆ ಆಟಗಾರರು ಅಂಕಿಯನ್ನು ನೋಡಿ ಜೋಡಿ ಮಾಡುತ್ತಾರೆ, ಉದ್ದೇಶವನ್ನು ಓದುವುದಿಲ್ಲ.

ಹೆಸರಿನ ಕಾರ್ಡುಗಳ ಬೆನ್ನಿಗೆ ಒಂದು ಬಣ್ಣ, ಉದ್ದೇಶದ ಕಾರ್ಡುಗಳ ಬೆನ್ನಿಗೆ ಇನ್ನೊಂದು ಬಣ್ಣ. ಎರಡು ಅಡಚಣೆ ಕಾರ್ಡುಗಳು ಬಣ್ಣಕ್ಕೊಂದರಂತೆ ಸೇರಿಕೊಳ್ಳುತ್ತವೆ. ಹೀಗೆ 32 ಕಾರ್ಡುಗಳನ್ನು ನಾಲ್ಕು ಸಾಲುಗಳಲ್ಲಿ ಎಂಟೆಂಟರಂತೆ ಹರಡಬಹುದು. ಬಣ್ಣದ ವ್ಯತ್ಯಾಸವಿಲ್ಲದಿದ್ದರೆ ಮೊದಲ ಸರದಿಯಲ್ಲೇ ಜೋಡಿ ಸಿಗುವ ಸಾಧ್ಯತೆ ನೂರಕ್ಕೆ ಸುಮಾರು 3 ಮಾತ್ರ. ಬಣ್ಣಕ್ಕೊಂದರಂತೆ ತೆರೆದರೆ ಅದು ಹೆಚ್ಚುಕಡಿಮೆ 6ಕ್ಕೆ ಏರುತ್ತದೆ. ಅರ್ಧ ಗಂಟೆಯಲ್ಲಿ ಮುಗಿಯಬೇಕಾದ ಆಟದಲ್ಲಿ ಈ ವ್ಯತ್ಯಾಸ ಚೆನ್ನಾಗಿಯೇ ಅರಿವಿಗೆ ಬರುತ್ತದೆ.

ಇನ್ನು ಸರದಿಯ ನಿಯಮ. ನಾಲ್ಕರಿಂದ ಆರು ಜನ ಮೇಜಿನ ಸುತ್ತ ಕೂರುತ್ತಾರೆ. ಸರದಿ ಬಂದವರು ಪ್ರತಿ ಬಣ್ಣದ ಒಂದೊಂದು ಕಾರ್ಡನ್ನು ತೆರೆದು ಎರಡನ್ನೂ ಗಟ್ಟಿಯಾಗಿ ಓದಬೇಕು. ಜೋಡಿ ಎಂದು ತೋರಿದರೆ, ಕಾರ್ಡಿನ ಮೇಲಿರುವ ಪದಗಳನ್ನೇ ಮತ್ತೆ ಹೇಳದೆ, ತಮ್ಮ ಮಾತಿನಲ್ಲಿ ಒಂದು ವಾಕ್ಯದಲ್ಲಿ ಕಾರಣ ಕೊಡಬೇಕು. ಜೋಡಿಯಲ್ಲ ಎಂದು ತೋರಿದರೂ ಕಾರಣ ಕೊಟ್ಟೇ ಕಾರ್ಡುಗಳನ್ನು ಮಗುಚಬೇಕು. ಯಾರು ಬೇಕಾದರೂ ಆಕ್ಷೇಪಿಸಬಹುದು, ಆದರೆ ಆಕ್ಷೇಪಕ್ಕೂ ಕಾರಣ ಬೇಕು. ಒಂದು ನಿಮಿಷದಲ್ಲಿ ಒಮ್ಮತ ಬರದಿದ್ದರೆ ಆ ಎರಡೂ ಕಾರ್ಡುಗಳು ಪಕ್ಕದ 'ಚರ್ಚೆಯ ಸಾಲಿಗೆ' ಹೋಗುತ್ತವೆ.

ಜೋಡಿಯಲ್ಲ ಎನ್ನುವುದಕ್ಕೂ ಕಾರಣ ಏಕೆ ಬೇಕೆಂಬುದಕ್ಕೆ ಒಂದು ಆಟದ ನಡುವೆ ನಡೆದದ್ದನ್ನು ಹೇಳಬೇಕು. ಹಿರಿಯ ಡೆವಲಪರ್ ಒಬ್ಬರು ತೆರೆದ ಕಾರ್ಡುಗಳಲ್ಲಿ ಒಂದು 'ಡೈಲಿ ಸ್ಕ್ರಮ್', ಇನ್ನೊಂದು 'ಸ್ಪ್ರಿಂಟ್ ಗೋಲ್‌ನತ್ತ ಸಾಗಿದ್ದನ್ನು ನೋಡಿ ಯೋಜನೆ ತಿದ್ದಿಕೊಳ್ಳುವುದು'. ಅವರು "ಇದು ಪ್ಲಾನಿಂಗ್‌ದು ಇರಬೇಕು. ಡೈಲಿ ಅಂದ್ರೆ ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀನಿ ಅಂತ ಹೇಳೋದಲ್ವಾ?" ಎಂದು ಕಾರ್ಡುಗಳನ್ನು ಮಗುಚಲು ಹೊರಟರು. ತಂಡಕ್ಕೆ ಹೊಸದಾಗಿ ಸೇರಿದ್ದ ಟೆಸ್ಟರ್ ಕೈಯೆತ್ತಿ, "ಸರ್, ಅದನ್ನ ನಾವು ಯಾರಿಗೆ ಹೇಳ್ತೀವಿ?" ಎಂದು ಕೇಳಿದರು. ದಿನವೂ ತಾವೆಲ್ಲ ಮ್ಯಾನೇಜರ್ ಕಡೆಗೆ ಮುಖಮಾಡಿ ವರದಿ ಒಪ್ಪಿಸುತ್ತಿದ್ದೇವೆಯೇ ಹೊರತು ಪರಸ್ಪರ ಮಾತಾಡುತ್ತಿಲ್ಲ ಎಂಬುದು ಆ ಒಂದು ಪ್ರಶ್ನೆಯಿಂದ ಮೇಜಿನ ಮೇಲೆ ಬಂತು. ನಿನ್ನೆ, ಇಂದು, ಅಡ್ಡಿ ಎಂಬ ಮೂರು ಪ್ರಶ್ನೆಗಳು ಸ್ಕ್ರಮ್ ಗೈಡ್‌ನ ಹಿಂದಿನ ಆವೃತ್ತಿಗಳಲ್ಲಿದ್ದವು, 2020ರಲ್ಲಿ ಅವುಗಳನ್ನು ಕೈಬಿಡಲಾಯಿತು ಎಂದು ನಾನು ಆಟ ಮುಗಿದ ಮೇಲೆ ತಿಳಿಸಿದೆ. ಆಟದ ನಡುವೆ ನಡೆಸಿಕೊಡುವವರು ಬಾಯಿ ಹಾಕಬಾರದು ಎಂಬುದೂ ಒಂದು ನಿಯಮ.

ಚರ್ಚೆಯ ಸಾಲಿನಲ್ಲಿ ಮೂರಕ್ಕಿಂತ ಹೆಚ್ಚು ಜೋಡಿಗಳು ಇರುವಂತಿಲ್ಲ. ನಾಲ್ಕನೆಯದು ಬರುವ ಹೊತ್ತಿಗೆ ಆಟ ನಿಲ್ಲುತ್ತದೆ, ಇರುವ ಮೂರರಲ್ಲಿ ಒಂದನ್ನಾದರೂ ಇತ್ಯರ್ಥ ಮಾಡಿದ ಮೇಲೆಯೇ ಮುಂದಿನ ಕಾರ್ಡು. ಕಾನ್‌ಬಾನ್ ಪದ್ಧತಿಯಲ್ಲಿ ಕೈಯಲ್ಲಿರುವ ಕೆಲಸಕ್ಕೆ ಹಾಕುವ ಮಿತಿಯನ್ನೇ ಇಲ್ಲಿ ತಂದಿದ್ದೇನೆ. ಮಿತಿಯಿಲ್ಲದಿದ್ದರೆ ಕಷ್ಟದ ಜೋಡಿಗಳೆಲ್ಲ 'ಆಮೇಲೆ ನೋಡೋಣ' ಎಂದು ಪಕ್ಕಕ್ಕೆ ಸರಿಯುತ್ತವೆ.

ಅಂಕವನ್ನು ಒಬ್ಬೊಬ್ಬರಿಗೆ ಕೊಡದೆ ಇಡೀ ತಂಡಕ್ಕೆ ಕೊಡುತ್ತೇನೆ. ವೈಯಕ್ತಿಕ ಅಂಕವಿದ್ದರೆ ಗೊತ್ತಿದ್ದವರು ಸುಮ್ಮನಿರುವುದೇ ಲಾಭ, ಅಂಥ ಆಟ ಈ ವಿಷಯಕ್ಕೆ ಒಗ್ಗುವುದಿಲ್ಲ. ಆಟ ಹತ್ತು ನಿಮಿಷದ ಮೂರು ಸ್ಪ್ರಿಂಟ್‌ಗಳಲ್ಲಿ ನಡೆಯುತ್ತದೆ. ಪ್ರತಿ ಸ್ಪ್ರಿಂಟ್‌ಗೆ ಮುನ್ನ ಎಷ್ಟು ಜೋಡಿ ಸಿಗಬಹುದೆಂದು ತಂಡ ಅಂದಾಜು ಮಾಡುತ್ತದೆ, ಮುಗಿದ ಮೇಲೆ ಎರಡು ನಿಮಿಷದ ರೆಟ್ರೊ ನಡೆಸಿ ಒಂದೇ ಒಂದು ನಿಯಮವನ್ನು ಬದಲಾಯಿಸಬಹುದು. ಕಾರಣ ಹೇಳುವ ನಿಯಮ ಮತ್ತು ಚರ್ಚೆಯ ಸಾಲಿನ ಮಿತಿ, ಇವೆರಡನ್ನು ಮಾತ್ರ ಮುಟ್ಟುವಂತಿಲ್ಲ. ಆಕ್ಷೇಪದ ಹೊತ್ತಿನಲ್ಲಿ ಅತಿ ಹಿರಿಯರು ಕೊನೆಯಲ್ಲಿ ಮಾತಾಡಬೇಕು ಎಂಬುದು ಹಾಗೆ ಒಂದು ತಂಡ ಮಾಡಿಕೊಂಡ ಬದಲಾವಣೆ, ಅದನ್ನು ಈಗ ಎಲ್ಲ ತಂಡಗಳಿಗೂ ಇಟ್ಟಿದ್ದೇನೆ. 2002ರಲ್ಲಿ ಜೇಮ್ಸ್ ಗ್ರೆನಿಂಗ್ ವಿವರಿಸಿದ, ಕೆಲಸದ ಗಾತ್ರವನ್ನು ಕಾರ್ಡುಗಳಿಂದ ಅಂದಾಜು ಮಾಡುವ ಪ್ಲಾನಿಂಗ್ ಪೋಕರ್‌ನಲ್ಲಿ ಎಲ್ಲರೂ ಕಾರ್ಡನ್ನು ಒಟ್ಟಿಗೆ ತೋರಿಸುವುದರಿಂದ ಆಗುವ ಉಪಯೋಗವೂ ಇದೇ: ಒಬ್ಬರ ಮಾತಿಗೆ ಉಳಿದವರು ವಾಲುವುದು ತಪ್ಪುತ್ತದೆ.

ಅಡಚಣೆ ಕಾರ್ಡು ತೆರೆದವರು ತಮ್ಮ ಈಗಿನ ಕೆಲಸದ ಒಂದು ನಿಜವಾದ ಅಡ್ಡಿಯನ್ನು ಹೇಳುತ್ತಾರೆ. ಯಾರ ಹೆಸರನ್ನೂ ಎತ್ತುವಂತಿಲ್ಲ, ಹೇಳಲು ಇಷ್ಟವಿಲ್ಲದಿದ್ದರೆ 'ಪಾಸ್' ಎನ್ನಬಹುದು. ಹೇಳಿದ್ದನ್ನು ಚೀಟಿಯಲ್ಲಿ ಬರೆದು, ತಂಡದ ನಿಜವಾದ ರೆಟ್ರೊಗೆ ಒಯ್ಯುವಂತೆ ಸ್ಕ್ರಮ್ ಮಾಸ್ಟರ್ ಕೈಗೆ ಕೊಡಬೇಕು.

ಉತ್ತರಗಳ ಹಾಳೆಯನ್ನು ಮೂರನೆಯ ಸ್ಪ್ರಿಂಟ್ ಮುಗಿದ ಮೇಲೆ ತೆರೆಯುತ್ತೇವೆ. ಚರ್ಚೆಯ ಸಾಲಿನಲ್ಲಿ ಉಳಿದ ಜೋಡಿಗಳನ್ನು ಮೊದಲು ನೋಡಿ, ಹಾಳೆಯಲ್ಲಿರುವ ಮಾತು ತಂಡಕ್ಕೆ ಒಪ್ಪಿಗೆಯಾಗದಿದ್ದರೆ ಅವರೇ ಒಂದು ಖಾಲಿ ಕಾರ್ಡಿನ ಮೇಲೆ ತಮ್ಮ ವಾಕ್ಯವನ್ನು ಬರೆಯುತ್ತಾರೆ, ಮತ್ತು ಆ ತಂಡ ಮುಂದಿನ ಸಲ ಆಡುವಾಗ ನಾನು ಬರೆದ ಕಾರ್ಡಿನ ಜಾಗದಲ್ಲಿ ಅವರ ಕಾರ್ಡನ್ನೇ ಇಡುತ್ತೇನೆ.