ಮನೆ ಕಟ್ಟಿದ ಮೇಲೆ ಗೋಡೆ ಬದಿಗೆ ಮಲ್ಲಿಗೆ ಹಬ್ಬಿಸುವುದು ಹೇಗೆ?

ಗೃಹಪ್ರವೇಶ ಮುಗಿಯಿತು, ಪೇಂಟ್ ಒಣಗಿತು. ಇನ್ನು ಕಾಂಪೌಂಡ್ ಒಳಗೆ ನಾಲ್ಕು ಹೂವಿನ ಬಳ್ಳಿ ಹಬ್ಬಿಸೋಣ ಅಂತ ಎಲ್ಲರಿಗೂ ಆಸೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಹೊಸ ಬಡಾವಣೆಗಳಲ್ಲಿ ಸಾಮಾನ್ಯವಾಗಿ ಮಾಡುವುದು ಹೀಗೆ. ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣು ತರಿಸಿ ಗೋಡೆ ಸುತ್ತ ಹರಡುತ್ತಾರೆ. ನರ್ಸರಿಯಿಂದ ಮಲ್ಲಿಗೆ ಗಿಡ ತಂದು ನೆಡುತ್ತಾರೆ. ಎರಡು ಮೂರು ತಿಂಗಳು ಚೆನ್ನಾಗಿಯೇ ಇರುತ್ತದೆ. ಆಮೇಲೆ ಚಿಗುರು ಹಳದಿಗೆ ತಿರುಗುತ್ತದೆ, ಬಳ್ಳಿ ಮೊಣಕಾಲೆತ್ತರದಲ್ಲೇ ನಿಂತುಬಿಡುತ್ತದೆ. ನರ್ಸರಿಯವರು ಕೆಟ್ಟ ಗಿಡ ಕೊಟ್ಟರು ಅಂತ ಬೈದುಕೊಳ್ಳುತ್ತೇವೆ.

ಪಾಪ, ಗಿಡ ಏನು ಮಾಡೀತು? ಬಳ್ಳಿ ಹಬ್ಬಬೇಕು ಅಂತ ಗೋಡೆ ಪಕ್ಕದಲ್ಲೇ ನೆಡುತ್ತೇವೆ. ಮನೆ ಕಟ್ಟುವಾಗ ಇಡೀ ಸೈಟಿನಲ್ಲಿ ಅತಿ ಹೆಚ್ಚು ಕೆಡುವ ಮಣ್ಣು ಅಲ್ಲೇ ಇರುತ್ತದೆ. ಗಾರೆ ಮಾಡುವಾಗ ಉದುರಿದ ಸಿಮೆಂಟ್, ಮೇಸ್ತ್ರಿ ಬಾಂಡಲಿ ತೊಳೆದ ನೀರು, ಇಟ್ಟಿಗೆ ಚೂರು, ಟೈಲ್ಸ್ ಕತ್ತರಿಸಿದ ಪುಡಿ ಎಲ್ಲ ಬೀಳುವುದು ಗೋಡೆಯಿಂದ ಮೂರಡಿ ಒಳಗೆ. ಅದರ ಮೇಲೆ ಕೆಂಪು ಮಣ್ಣು ಮುಚ್ಚಿದರೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಬೇರು ಅಲ್ಲಿಗೇ ಇಳಿಯುತ್ತದೆ. ಅದಕ್ಕೇ ಮೊದಲ ಖರ್ಚು ಗಿಡಕ್ಕೆ ಬೇಡ, ಮಣ್ಣಿಗೆ ಇರಲಿ. ಒಂದು ಮಳೆಗಾಲ ಕಾಯಬೇಕಾಗುತ್ತದೆ. ಕಾಯಿರಿ.

ಅಗೆದು ನೋಡಿ

ಗೋಡೆಯಿಂದ ಒಂದೂವರೆ ಅಡಿ ಬಿಟ್ಟು, ಒಂದೂವರೆ ಅಡಿ ಆಳದ ಗುಂಡಿ ತೋಡಿ. ಗುಂಡಿಯ ಬದಿಯನ್ನು ಕುಡುಗೋಲಿನಲ್ಲಿ ನೇರವಾಗಿ ಕೆರೆದು ನೋಡಿದರೆ ಪದರಗಳು ಸ್ಪಷ್ಟವಾಗಿ ಕಾಣುತ್ತವೆ. ಮೇಲೆ ಮೂರು ನಾಲ್ಕು ಇಂಚು ಹೊಸ ಕೆಂಪು ಮಣ್ಣು. ಅದರ ಕೆಳಗೆ ಬೂದು ಬಣ್ಣದ ಪದರ, ಅದರಲ್ಲಿ ಸಿಮೆಂಟ್ ಉಂಡೆ, ಜಲ್ಲಿ, ಬೈಂಡಿಂಗ್ ವೈರ್ ತುಂಡು. ಇನ್ನೂ ಕೆಳಗೆ ಪಾಯ ತೋಡಿದಾಗ ಮೇಲೆ ಎಸೆದ ಹಳದಿ ಗರಸು. ಕಟ್ಟುವ ಮೊದಲು ಮೇಲಿದ್ದ ಒಳ್ಳೆಯ ಮಣ್ಣು ಎಲ್ಲಕ್ಕಿಂತ ಅಡಿಯಲ್ಲಿ ಸಿಕ್ಕಿಕೊಂಡು, ಲಾರಿ ಮತ್ತು ಜೆಸಿಬಿ ಓಡಾಡಿದ ಭಾರಕ್ಕೆ ಹಲಗೆಯಂತೆ ಗಟ್ಟಿಯಾಗಿರುತ್ತದೆ.

ಈಗ ಎರಡು ಪರೀಕ್ಷೆ. ಬೂದು ಪದರದಿಂದ ಒಂದು ಚಮಚ ಒಣ ಮಣ್ಣು ತೆಗೆದು ತಟ್ಟೆಯಲ್ಲಿ ಹಾಕಿ, ಅದರ ಮೇಲೆ ವಿನೆಗರ್ ಬಿಡಿ. ಬುಸುಬುಸು ನೊರೆ ಬಂದರೆ ಸುಣ್ಣದ ಅಂಶ ಜಾಸ್ತಿ ಇದೆ ಅಂತ ಅರ್ಥ. ನಮ್ಮ ಸೀಮೆಯ ಸಹಜ ಕೆಂಪು ಮಣ್ಣಿಗೆ ಹಾಗೆ ನೊರೆ ಬರುವುದಿಲ್ಲ. ಹೋಲಿಸಿ ನೋಡಲು ಪಕ್ಕದ ಹೊಲದ ಒಂದು ಚಮಚ ಮಣ್ಣಿಗೂ ವಿನೆಗರ್ ಬಿಡಿ.

ಎರಡನೆಯದು ನೀರು ಇಂಗುವ ಪರೀಕ್ಷೆ. ಗುಂಡಿಗೆ ನೀರು ತುಂಬಿಸಿ, ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿಸಿ ಒಂದು ಗಂಟೆ ಬಿಟ್ಟು ಅಳೆಯಿರಿ. ಗಂಟೆಗೆ ಒಂದು ಇಂಚಾದರೂ ಇಳಿದರೆ ಪರವಾಗಿಲ್ಲ. ನೀರು ಹಾಗೇ ನಿಂತಿದ್ದರೆ ಕೆಳಗಿನ ಗಟ್ಟಿ ಪದರ ಒಡೆಯಲೇಬೇಕು. ಮಲ್ಲಿಗೆಗೆ ಬೇರಿನಲ್ಲಿ ನೀರು ನಿಲ್ಲಬಾರದು.

ಲೆಕ್ಕ ಪಕ್ಕಾ ಬೇಕು ಎನ್ನುವವರು ಐದಾರು ಕಡೆ ಮಣ್ಣು ತೆಗೆದು ಬೆರೆಸಿ, ಅರ್ಧ ಕೆಜಿಯಷ್ಟನ್ನು ಪರೀಕ್ಷೆಗೆ ಕೊಡಬಹುದು. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಚಿಂತಾಮಣಿ ಬಳಿಯ ಕುರುಬೂರಿನಲ್ಲಿದೆ. ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ಹೇಳುವ ಅಳತೆ ರಸಸಾರ, ಅಂದರೆ ಪಿಎಚ್; ಸುಣ್ಣ ಸೇರಿದಷ್ಟೂ ಅದು ಏರುತ್ತದೆ. ಅದು 6ರಿಂದ 7.5ರ ಒಳಗಿದ್ದರೆ ಮಲ್ಲಿಗೆ ಸುಖವಾಗಿರುತ್ತದೆ. 8 ದಾಟಿದರೆ ಕಷ್ಟ.

ಕಸ ತೆಗೆಯುವುದು, ನೆಲ ಒಡೆಯುವುದು

ಇಲ್ಲಿ ಅಡ್ಡದಾರಿ ಇಲ್ಲ. ಬಳ್ಳಿ ನೆಡುವ ಕಡೆ ಮೂರಡಿ ಅಗಲದ ಪಟ್ಟಿಯನ್ನು ಗುರುತು ಮಾಡಿಕೊಂಡು, ಬೂದು ಪದರ ಪೂರ್ತಿ ಎತ್ತಿಸಿ. ಗೋಡೆಗೆ ಅಂಟಿಕೊಂಡ ಹಾಗೆ ಆಳ ತೋಡಬೇಡಿ, ಪಾಯಕ್ಕೆ ತೊಂದರೆ. ಒಂದಡಿ ಬಿಟ್ಟೇ ಶುರು ಮಾಡಿ. ಪಿಕಾಸಿಯಲ್ಲಿ ಕೆದಕಿ, ಮರಳು ಜರಡಿಯಲ್ಲಿ ಮಣ್ಣು ಜರಡಿ ಹಿಡಿಯಿರಿ. ಜರಡಿಯ ಮೇಲೆ ಉಳಿದ ಸಿಮೆಂಟ್ ಉಂಡೆ, ಗಾರೆ ಚಕ್ಕೆ ಎಲ್ಲ ಹೊರಗೆ ಹೋಗಲಿ. ಗಾರೆ ಅಂಟದ ಇಟ್ಟಿಗೆ ಚೂರು ಮಾತ್ರ ಕಾಲುದಾರಿ ಅಡಿಗೆ ಹಾಕಬಹುದು. ಥಿನ್ನರ್, ಪೇಂಟ್ ಚೆಲ್ಲಿದ ಜಾಗ ವಾಸನೆಯಲ್ಲೇ ಗೊತ್ತಾಗುತ್ತದೆ. ಅಲ್ಲಿನ ಮಣ್ಣು ಪೂರ್ತಿ ಬದಲಾಯಿಸಿ.

ತೆಗೆದ ಕಸವನ್ನು ರಾತ್ರೋರಾತ್ರಿ ರಾಜಕಾಲುವೆಗೋ ಕೆರೆ ಅಂಗಳಕ್ಕೋ ಸುರಿಸಬೇಡಿ. ನಿರ್ಮಾಣ ತ್ಯಾಜ್ಯವನ್ನು ಬೇರೆಯಾಗಿಟ್ಟು ಸ್ಥಳೀಯ ಸಂಸ್ಥೆ ಹೇಳಿದ ಜಾಗಕ್ಕೇ ಹಾಕಬೇಕು ಅಂತ 2016ರಲ್ಲೇ ನಿಯಮ ಬಂದಿದೆ. ವರ್ಷವಿಡೀ ಹರಿಯುವ ನದಿ ಇಲ್ಲದ ಬಯಲುಸೀಮೆ ನಮ್ಮದು, ಕೆರೆಗಳಿಂದಲೇ ಬದುಕಿದ್ದೇವೆ. ನಮ್ಮ ಹೂದೋಟಕ್ಕಾಗಿ ಕೆರೆ ತುಂಬಿಸುವುದು ಯಾವ ನ್ಯಾಯ?

ಕಸ ಹೋದ ಮೇಲೆ ಹಾರೆಯಿಂದ ಗಟ್ಟಿ ಪದರ ಒಡೆಯಿರಿ. ಮಳೆ ಬಿದ್ದು ಎರಡು ಮೂರು ದಿನ ಆರಿದ ಮೇಲೆ ಈ ಕೆಲಸ ಸುಲಭ. ಹಸಿ ಇರುವಾಗ ತುಳಿದರೆ ಮತ್ತೆ ಗಟ್ಟಿಯಾಗುತ್ತದೆ.

ಸುಣ್ಣದ ಅಂಶಕ್ಕೆ ಜಿಪ್ಸಂ ಹಾಕಿ ಅಂತ ಕೆಲವರು ಹೇಳುತ್ತಾರೆ. ಜಿಪ್ಸಂ ಸೋಡಿಯಂ ಇರುವ ಚೌಳು ಮಣ್ಣಿಗೆ ಮದ್ದು. ಸಿಮೆಂಟ್ ಬಿದ್ದ ಮಣ್ಣಿನ ರಸಸಾರ ಅದರಿಂದ ಇಳಿಯುವುದಿಲ್ಲ. ಗಂಧಕದ ಪುಡಿ ಇಳಿಸುತ್ತದೆ, ಆದರೆ ಮಣ್ಣಿನ ಸೂಕ್ಷ್ಮಜೀವಿಗಳ ಮೂಲಕ, ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು. ಸಿಮೆಂಟ್ ಉಂಡೆ ಒಳಗೇ ಬಿಟ್ಟು ಗಂಧಕ ಹಾಕಿದರೆ ದುಡ್ಡು ದಂಡ.

ಒಂದು ಮಳೆಗಾಲ ಮಣ್ಣಿಗೆ

ರೋಹಿಣಿ ಮಳೆ ಬಿದ್ದಾಗ, ಅಂದರೆ ಮೇ ಕೊನೆ, ಜೂನ್ ಮೊದಲ ವಾರದಲ್ಲಿ, ಆ ಪಟ್ಟಿಗೆ ಸೆಣಬು ಚೆಲ್ಲಿ. ಸಿಗದಿದ್ದರೆ ಅಂಗಡಿಯ ಹುರುಳಿ ಅಥವಾ ಅಲಸಂದೆಯೇ ಸಾಕು. ಹತ್ತಡಿ ಉದ್ದಕ್ಕೆ ಒಂದು ಹಿಡಿ. ಇವುಗಳ ಬೇರು ಗಟ್ಟಿ ನೆಲಕ್ಕೆ ದಾರಿ ಮಾಡುತ್ತದೆ, ಬೇರಿನ ಗಂಟುಗಳು ಸಾರಜನಕ ಕಟ್ಟಿಕೊಡುತ್ತವೆ. ಸುಮಾರು 45 ದಿನಕ್ಕೆ, ಹೂ ಬಿಡುವ ಮೊದಲೇ ಕತ್ತರಿಸಿ ಅಲ್ಲೇ ಮಣ್ಣಿಗೆ ಸೇರಿಸಿ. ಕೊಳೆಯಲು ಮೂರು ವಾರ ಕೊಡಿ. ಅಷ್ಟರಲ್ಲಿ ಮಖೆ ಮಳೆ ಹತ್ತಿರ ಬಂದಿರುತ್ತದೆ. ನಮ್ಮ ಕಡೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮಳೆ ಹೆಚ್ಚು ನಂಬಿಕಸ್ತ. ಬಳ್ಳಿ ನೆಡಲು ಅದೇ ಒಳ್ಳೆಯ ಕಾಲ.

ಗೊಬ್ಬರಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮೊದಲ ಆಯ್ಕೆ. ಶಿಡ್ಲಘಟ್ಟ, ಚಿಂತಾಮಣಿ ಸುತ್ತ ರೇಷ್ಮೆ ಹುಳು ಮನೆಗಳ ಕಸವೂ ಸಿಗುತ್ತದೆ. ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪು, ಹುಳುವಿನ ಹಿಕ್ಕೆ ಸೇರಿ ಕಳಿತರೆ ಬಹಳ ಒಳ್ಳೆಯ ಗೊಬ್ಬರ. ಒಂದು ಮಾತು ಮಾತ್ರ ಕೇಳಿಕೊಳ್ಳಿ: ಹಾಸಿಗೆಗೆ ಸುಣ್ಣದ ಪುಡಿ ಉದುರಿಸಿದ್ದರಾ? ರೋಗ ಬಾರದಿರಲಿ ಅಂತ ಹುಳು ಸಾಕುವವರು ಉದುರಿಸುತ್ತಾರೆ. ಸುಣ್ಣ ತೆಗೆಯಲು ಇಷ್ಟು ಒದ್ದಾಡಿ ಮತ್ತೆ ಅದನ್ನೇ ತಂದು ಹಾಕಬಾರದಲ್ವಾ?

ಕೆರೆ ಗೋಡು (ಹೂಳು) ಹಾಕುವುದಾದರೆ ಒಣಗಿಸಿ ಪುಡಿ ಮಾಡಿ, ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ. ಜಾಸ್ತಿಯಾದರೆ ಅಂಟಾಗುತ್ತದೆ.

ಉಳಿದ ಹಳೇ ಗಿಡಗಳು

ಹಳೇ ಮನೆ ಕೆಡವಿ ಕಟ್ಟಿದವರ ಅಂಗಳದಲ್ಲಿ ಅಜ್ಜಿ ಕಾಲದ ಮಲ್ಲಿಗೆ, ಒಂದು ಮಾವು, ಕರಿಬೇವು ಉಳಿದಿರಬಹುದು. ದಯವಿಟ್ಟು ಅವನ್ನು ಕಿತ್ತುಹಾಕುವ ಮೊದಲು ಒಂದು ಅವಕಾಶ ಕೊಡಿ. ಕಾಂಡದ ಬುಡಕ್ಕೆ ಮಣ್ಣು, ಜಲ್ಲಿ ಏರಿದ್ದರೆ ಮೊದಲಿದ್ದ ಮಟ್ಟಕ್ಕೆ ಕೆರೆದು ತೆಗೆಯಿರಿ. ಮಣ್ಣು ಮೇಲೇರಿದರೆ ಬೇರಿಗೆ ಗಾಳಿ ಆಡುವುದಿಲ್ಲ, ಕಾಂಡ ಕೊಳೆಯುತ್ತದೆ. ಎಲೆಗೆ ಸಿಮೆಂಟ್ ಧೂಳು ಕೂತಿದ್ದರೆ ಪೈಪಿನಲ್ಲಿ ತೊಳೆಯಿರಿ. ಹಳೇ ಮಲ್ಲಿಗೆ ಪೊದೆಯನ್ನು ಡಿಸೆಂಬರ್‌ನಲ್ಲಿ ನೆಲದಿಂದ ಒಂದೂವರೆ ಅಡಿಗೆ ಕತ್ತರಿಸಿ, ಬುಡಕ್ಕೆ ಗೊಬ್ಬರ ಕೊಡಿ. ಬೇರು ಜೀವಂತ ಇದ್ದರೆ ಚಳಿ ಮುಗಿಯುವಾಗ ಚಿಗುರುತ್ತದೆ.

ಯಾವ ಗೋಡೆಗೆ ಯಾವ ಬಳ್ಳಿ?

ದುಂಡು ಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಪೂರ್ವದ ಗೋಡೆ ಬಲು ಚೆನ್ನ. ಇದು ತಾನಾಗಿ ಸುತ್ತಿಕೊಳ್ಳುವ ಬಳ್ಳಿಯಲ್ಲ, ಕಟ್ಟಿ ಕಟ್ಟಿ ಹಬ್ಬಿಸಬೇಕು. ಮಾರ್ಚ್‌ನಿಂದ ಜುಲೈವರೆಗೆ ಹೂವಿನ ಭರಾಟೆ. ಅದು ಇಳಿಯುವ ಹೊತ್ತಿಗೆ ಜಾಜಿ ಶುರುವಾಗುತ್ತದೆ, ನವೆಂಬರ್‌ವರೆಗೂ ಕೊಡುತ್ತದೆ. ಜಾಗ ಇದ್ದವರು ಈ ಎರಡನ್ನೂ ನೆಟ್ಟರೆ ವರ್ಷದ ಮುಕ್ಕಾಲು ಭಾಗ ಮನೆಯಲ್ಲಿ ಹೂವಿರುತ್ತದೆ. ಕಾಕಡ ನಮ್ಮ ಕಡೆ ಎಲ್ಲೆಲ್ಲೂ ಬೆಳೆಯುತ್ತದೆ, ದೇವರಿಗೂ ಮುಡಿಗೂ ಆಗುತ್ತದೆ, ಆದರೆ ಪರಿಮಳ ಬೇಕೆನ್ನುವವರಿಗೆ ಅದು ಸಾಲದು.

ಪಶ್ಚಿಮದ ಗೋಡೆ ಮಧ್ಯಾಹ್ನ ಕಾದು ಕೆಂಡವಾಗುತ್ತದೆ. ಅಲ್ಲಿಗೆ ರಂಗೂನ್ ಮಲ್ಲಿಗೆ ಹಾಕಿ. ಸಂಜೆ ಬಿಳಿಯಾಗಿ ಅರಳುವ ಹೂ ಮರುದಿನ ಗುಲಾಬಿ, ಆಮೇಲೆ ಕೆಂಪು. ಒಂದೇ ಗೊಂಚಲಲ್ಲಿ ಮೂರೂ ಬಣ್ಣ ಇರುತ್ತದೆ. ಪರಿಮಳ ರಾತ್ರಿಗೆ ಜೋರು, ಏಕೆಂದರೆ ಬಿಳಿ ಹೂವಿಗೆ ಬರುವುದು ಇರುಳಲ್ಲಿ ಹಾರುವ ಪತಂಗಗಳು. ಬೆಳವಣಿಗೆ ಮಾತ್ರ ವಿಪರೀತ. ಸಂಪು, ಪಿಟ್, ಚರಂಡಿ ಪೈಪಿನಿಂದ ದೂರ ನೆಡಿ.

ಅರ್ಧ ನೆರಳಿನ ಮೂಲೆಗೆ ಮನೋರಂಜಿತ. ಹಸಿರಾಗಿದ್ದ ದಪ್ಪ ಎಸಳು ಹಳದಿಗೆ ತಿರುಗಿದಾಗ ಮಾಗಿದ ಹಣ್ಣಿನ ಘಮ. ಹೂವಿನ ತೊಟ್ಟೇ ಕೊಕ್ಕೆಯಾಗಿ ಆಸರೆ ಹಿಡಿಯುತ್ತದೆ. ಮಾಧವಿ ಲತೆ ಮರದಷ್ಟು ದಪ್ಪ ಬೆಳೆಯುತ್ತದೆ, 30x40 ಸೈಟಿಗೆ ಬೇಡ. ತೋಟದ ಮನೆ ಇದ್ದು, ಹಳೇ ದ್ರಾಕ್ಷಿ ಚಪ್ಪರದ ಕಲ್ಲು ಕಂಬಗಳು ಇದ್ದರೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

‘ಘಮಘಮ ಬಳ್ಳಿಗೆ ಹಾವು ಬರುತ್ತೆ’ ಎನ್ನುವ ಹೆದರಿಕೆ ಬಹಳ ಮನೆಗಳಲ್ಲಿದೆ. ಹಾವು ಪರಿಮಳಕ್ಕೆ ಬರುವುದಿಲ್ಲ. ಇಲಿ, ಕಪ್ಪೆ ಹುಡುಕಿಕೊಂಡು, ಅಡಗಲು ಜಾಗ ಹುಡುಕಿಕೊಂಡು ಬರುತ್ತದೆ. ಮೂಲೆಯಲ್ಲಿ ಬಿದ್ದ ಇಟ್ಟಿಗೆ ರಾಶಿ ತೆಗೆಸಿ. ಬಳ್ಳಿಯ ಬುಡದಲ್ಲಿ ಒಂದೂವರೆ ಅಡಿವರೆಗೆ ರೆಂಬೆ ಬಿಡದೆ ಕಾಣುವ ಹಾಗೆ ಇಟ್ಟುಕೊಳ್ಳಿ.

ನೆಡುವುದು, ಆಸರೆ

ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ. ಎರಡು ಪಾಲು ಜರಡಿ ಹಿಡಿದ ಮಣ್ಣು, ಒಂದು ಪಾಲು ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ಕವರ್ ಹರಿದು ನೆಡುವಾಗ ಸುರುಳಿ ಸುತ್ತಿದ ಬೇರಿದ್ದರೆ ಬಿಡಿಸಿ. ಸಂಜೆ ಹೊತ್ತು ನೆಡಿ. ಮಣ್ಣು ಕುಸಿಯುತ್ತದೆ, ಹಾಗಾಗಿ ಗಿಡದ ಬುಡ ನೆಲಕ್ಕಿಂತ ಒಂದು ಇಂಚು ಮೇಲಿರಲಿ.

ಆಸರೆಯ ಜಾಲರಿ ಗೋಡೆಗೆ ಅಂಟಿರಬಾರದು. ಮೂರು ಇಂಚು ಜಾಗ ಬಿಟ್ಟರೆ ಗಾಳಿ ಆಡುತ್ತದೆ, ಪೇಂಟೂ ಉಳಿಯುತ್ತದೆ. ಕಟ್ಟಲು ಗೋಣಿ ದಾರ ಅಥವಾ ಹಳೇ ಹತ್ತಿ ಬಟ್ಟೆ. ಕೆಲಸದಲ್ಲಿ ಮಿಕ್ಕ ಬೈಂಡಿಂಗ್ ವೈರ್ ಕೈಗೆ ಸಿಗುತ್ತದೆ ಅಂತ ಅದರಲ್ಲಿ ಕಟ್ಟಬೇಡಿ, ಕಾಂಡ ದಪ್ಪವಾದಾಗ ಕೊಯ್ದುಬಿಡುತ್ತದೆ.

ನೀರು ಮತ್ತು ಹಳದಿ ಎಲೆ

ನಮ್ಮ ಬೋರ್‌ವೆಲ್ ನೀರು ಗಡಸು. ಸುಣ್ಣ ಕರಗಿದ ಆ ನೀರನ್ನೇ ವರ್ಷವೆಲ್ಲ ಹಾಕಿದರೆ ಮಣ್ಣಿನ ರಸಸಾರ ಮತ್ತೆ ಏರುತ್ತದೆ. ಆರ್‌ಒ ಫಿಲ್ಟರಿನಿಂದ ಹೊರಬೀಳುವ ನೀರು ಇನ್ನೂ ಕೆಟ್ಟದು, ಉಪ್ಪೆಲ್ಲ ಅದರಲ್ಲೇ ಸೇರಿರುತ್ತದೆ. ಅದು ನೆಲ ಒರೆಸಲು ಇರಲಿ, ಗಿಡಕ್ಕೆ ಬೇಡ. ಮಳೆ ನೀರಿಗೆ ಸಮ ಯಾವುದೂ ಇಲ್ಲ. ಸಾವಿರ ಚದರಡಿ ತಾರಸಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್. ಒಂದು ಡ್ರಮ್ಮಾದರೂ ತುಂಬಿಸಿಕೊಳ್ಳಿ. ಬೇಸಿಗೆಯಲ್ಲಿ ಬುಡಕ್ಕೆ ಕಡ್ಲೆಕಾಯಿ ಸಿಪ್ಪೆ ಅಥವಾ ಒಣ ಹೊಂಗೆ ಎಲೆ ಹೊದಿಸಿದರೆ ತೇವ ಉಳಿಯುತ್ತದೆ. ಕಾಂಡಕ್ಕೆ ತಾಗದಂತೆ ಹೊದಿಸಿ. ಗೆದ್ದಲು ಕಂಡರೆ ಸರಿಸಿಬಿಡಿ.

ಇಷ್ಟಾದರೂ ಹೊಸ ಎಲೆ ಹಳದಿಯಾದರೆ ಹತ್ತಿರದಿಂದ ನೋಡಿ. ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರು ಬಲೆಯ ಹಾಗೆ ಎದ್ದು ಕಂಡರೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಸುಣ್ಣ ಹೆಚ್ಚಾದಾಗ ಬೇರಿಗೆ ಸಿಗುವುದಿಲ್ಲ. ಫೆರಸ್ ಸಲ್ಫೇಟ್ ಲೀಟರಿಗೆ 5 ಗ್ರಾಂ, ಅದಕ್ಕೆ ಸ್ವಲ್ಪ ನಿಂಬೆ ರಸ. ಕದಡಿದ ಕೂಡಲೇ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹತ್ತು ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಹಿಂದೆ ಹಳೇ ಸೀರೆ ಇಳಿಬಿಡಿ. ಗೋಡೆಗೆ ಹಾರಿದರೆ ತುಕ್ಕಿನ ಕಲೆ ಹೋಗುವುದಿಲ್ಲ. ಹಳದಿಯಾಗಿರುವುದು ಕೆಳಗಿನ ಹಳೇ ಎಲೆಗಳಾದರೆ ಬೇರೆ ಲೆಕ್ಕ, ಆಗ ಗೊಬ್ಬರ ಸಾಲದಿರಬಹುದು.

ಮೊಗ್ಗಿಗೆ ತೂತು ಬಿದ್ದಿದ್ದರೆ, ನೇರಳೆ ಬಣ್ಣಕ್ಕೆ ತಿರುಗಿದ್ದರೆ ಹುಳದ ಕಾಟ. ಅಂಥ ಮೊಗ್ಗೆಲ್ಲ ಕಿತ್ತು, ದೂರ ಒಯ್ದು ಸುಟ್ಟುಬಿಡಿ. ಬೇವಿನ ಎಣ್ಣೆ ಲೀಟರಿಗೆ 5 ಎಂಎಲ್, ನಾಲ್ಕು ಹನಿ ಸೋಪಿನ ನೀರು ಬೆರೆಸಿ ವಾರಕ್ಕೊಮ್ಮೆ ಹೊಡೆಯಿರಿ.

ಕತ್ತರಿಸುವುದು

ಮಲ್ಲಿಗೆ ಹೊಸ ಚಿಗುರಿನಲ್ಲಿ ಮಾತ್ರ ಹೂ ಕೊಡುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ಕತ್ತರಿಸಲೇಬೇಕು. ನವೆಂಬರ್ ಕೊನೆಯಲ್ಲಿ ಹತ್ತು ದಿನ ನೀರು ಕಡಿಮೆ ಮಾಡಿ, ಡಿಸೆಂಬರ್‌ನಲ್ಲಿ ಕತ್ತರಿ ಹಾಕಿ. ಗೋಡೆಗೆ ಹಬ್ಬಿಸಿದ ಮುಖ್ಯ ಕಾಂಡ ಬಿಟ್ಟು, ಪಕ್ಕದ ರೆಂಬೆಗಳನ್ನು ಮೋಟು ಮಾಡಿ. ಜಾಜಿಗೆ ಜನವರಿ. ಹೊಸ ಬಳ್ಳಿಗೆ ಮೊದಲ ವರ್ಷ ಗಟ್ಟಿ ಕತ್ತರಿ ಬೇಡ, ತುದಿ ಚಿವುಟಿದರೆ ಸಾಕು.

ಕತ್ತರಿಸುವ ಮೊದಲು ನೆಲಕ್ಕೆ ಬಾಗುವ ಒಂದು ಬಲಿತ ರೆಂಬೆ ಉಳಿಸಿಕೊಳ್ಳಿ. ಅದರ ಒಂದು ಗೆಣ್ಣಿನ ಕೆಳಗೆ ಸಿಪ್ಪೆ ಸ್ವಲ್ಪ ಕೆರೆದು, ಮಣ್ಣಿನಲ್ಲಿ ಮುಚ್ಚಿ, ಮೇಲೊಂದು ಕಲ್ಲು ಹೇರಿ. ಮೂರು ನಾಲ್ಕು ತಿಂಗಳಿಗೆ ಬೇರು ಬಿಡುತ್ತದೆ. ತಾಯಿ ಗಿಡದಿಂದ ಬೇರ್ಪಡಿಸಿ ಕವರಿನಲ್ಲಿ ಇಟ್ಟುಕೊಂಡು, ಮುಂದಿನ ಮಳೆಗೆ ಎದುರು ಮನೆಯವರಿಗೆ ಕೊಡಿ. ಅವರದೂ ಹೊಸ ಮನೆಯಾದರೆ ಗಿಡದ ಜೊತೆ ಜರಡಿಯನ್ನೂ ಕೊಟ್ಟು ಬನ್ನಿ.