ಗೂಡು ಹುಡುಕ್ಬೇಡಿ, ಕೊಕ್ಕು ನೋಡಿ: ಮರಿ ಮಾಡೋ ಹಕ್ಕಿಗಳನ್ನ ದಾಖಲಿಸೋದು ಹೇಗೆ

ಗುಬ್ಬಿಯೊಂದು ಒಣಹುಲ್ಲಿನ ಎಳೆ ಕಚ್ಕೊಂಡು ಹೆಂಚಿನ ಸಂದಿಗೆ ನುಗ್ಗಿದ್ದು ಕಣ್ಣಿಗೆ ಬಿತ್ತಾ? ಹಾಗಿದ್ರೆ ನಿಮ್ಮ ಮೊದಲ ದಾಖಲೆ ಆಗ್ಲೇ ಸಿಕ್ತು. ಒಂದು ಜಾಗದಲ್ಲಿ ಯಾವ ಹಕ್ಕಿ ಕಾಣತ್ತೆ ಅನ್ನೋದು ಒಂದು ವಿಷಯ, ಅದು ಅಲ್ಲೇ ಮೊಟ್ಟೆ ಇಟ್ಟು ಮರಿ ಮಾಡ್ತಿದ್ಯಾ ಅನ್ನೋದು ಬೇರೆನೇ ವಿಷಯ, ಯಾಕಂದ್ರೆ ಹಾದುಹೋಗೋ ಹಕ್ಕಿಗೆ ಒಂದು ಕೊಂಬೆ ಸಾಕು, ಮರಿ ಸಾಕೋ ಹಕ್ಕಿಗೆ ಇಡೀ ಪೊದೆ, ಹುಳ, ನೀರು ಎಲ್ಲಾ ಬೇಕು. ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ 1968ರಿಂದ 1972ರವರೆಗೆ ಸಾವಿರಾರು ಸ್ವಯಂಸೇವಕರು ದೇಶಾನ 10 ಕಿ.ಮೀ. ಚೌಕಗಳಾಗಿ ಹಂಚ್ಕೊಂಡು ಇದೇ ಕೆಲಸ ಮಾಡಿದ್ರು. ನಾವೂ ಮಾಡ್ಬಹುದು.

ಮೊದಲು ಜಾಗ. ಮತ್ತೆ ಮತ್ತೆ ಹೋಗೋಕಾಗೋ ಚಿಕ್ಕ ಜಾಗನೇ ಆರಿಸ್ಕೊಳ್ಳಿ, ಹತ್ತು ಜಾಗಕ್ಕೆ ಒಂದೊಂದು ಸಲ ಹೋಗೋದಕ್ಕಿಂತ ಒಂದೇ ಜಾಗಕ್ಕೆ ಹತ್ತು ಸಲ ಹೋಗೋದು ಈ ಕೆಲಸಕ್ಕೆ ಒಳ್ಳೇದು. ಬೆಳಕು ಹರಿಯೋ ಹೊತ್ತಿಗೆ ಅಲ್ಲಿರಿ. ಶುರು ಮಾಡಿದ ಟೈಮು, ಎಷ್ಟು ಹೊತ್ತು ಇದ್ರಿ, ಎಷ್ಟು ದೂರ ನಡೆದ್ರಿ ಬರ್ಕೊಳ್ಳಿ, ಕಂಡ ಹಕ್ಕಿ ಎಲ್ಲಾನೂ ಬರೀರಿ, ಕಾಗೆ ಅಂತ ಬಿಡ್ಬೇಡಿ.

ಆಮೇಲೆ ಒಂದು ಕಡೆ ಸುಮ್ನೆ ನಿಂತ್ಕೊಳ್ಳಿ. ನಿಜವಾದ ಕೆಲಸ ಇಲ್ಲೇ ಇರೋದು. ಕಂಡಿದ್ದನ್ನ ಮೂರು ಮೆಟ್ಟಿಲಲ್ಲಿ ಇಟ್ಟು ನೋಡಿ. ಗಂಡು ಹಾಡ್ತಿದೆ ಅಂದ್ರೆ ಮರಿ ಮಾಡೋ ಸಾಧ್ಯತೆ ಇದೆ, ಅಷ್ಟೇ. ಒಂದು ವಾರ ಕಳೆದ್ಮೇಲೂ ಅದೇ ಜಾಗದಲ್ಲಿ ಹಾಡ್ತಿದ್ರೆ, ಜೋಡಿಯಾಗಿ ಓಡಾಡ್ತಿದ್ರೆ, ಬೇರೆ ಗಂಡನ್ನ ಅಟ್ಟಿಸ್ಕೊಂಡು ಹೋದ್ರೆ, ಬಹುಶಃ ಹೌದು. ಕೊಕ್ಕಲ್ಲಿ ಹುಳ ಸಾಲಾಗಿ ಇಟ್ಕೊಂಡು ತಾನು ನುಂಗದೇ ಒಂದೇ ಪೊದೆಗೆ ಹೋಗಿ ಬಂದು ಮಾಡ್ತಿದ್ರೆ ಖಚಿತ. ಇನ್ನೊಂದು ಗುರುತು ನಂಗೆ ತುಂಬಾ ಇಷ್ಟ: ತಾಯಿ ಹಕ್ಕಿ ಗೂಡಿಂದ ಹೊರಗೆ ಬರುವಾಗ ಕೊಕ್ಕಲ್ಲಿ ಬಿಳಿ ಮುತ್ತಿನ ಥರ ಪುಟ್ಟ ಚೀಲ ಇರತ್ತೆ, ಅದು ಮರಿಯ ಹಿಕ್ಕೆ, ಗೂಡು ಗಲೀಜಾಗ್ಬಾರ್ದು ಅಂತ ದೂರ ಒಯ್ದು ಬಿಸಾಕತ್ತೆ. ಅದನ್ನ ಕಂಡ್ರೆ ಗೂಡು ನೋಡೋ ಅಗತ್ಯನೇ ಇಲ್ಲ, ಒಳಗೆ ಮರಿ ಇದೆ.

ಕಂಡ ಹಕ್ಕಿಗಳ ಪಟ್ಟಿ ದಾಖಲಿಸೋ ಈ-ಬರ್ಡ್ ಆ್ಯಪ್‌ನಲ್ಲಿ ಲಿಸ್ಟಲ್ಲಿರೋ ಹಕ್ಕಿ ಹೆಸರು ಒತ್ತಿದ್ರೆ ಬ್ರೀಡಿಂಗ್ ಕೋಡ್, ಅಂದ್ರೆ ಮರಿ ಮಾಡೋದಕ್ಕೆ ಯಾವ ಸಾಕ್ಷಿ ಕಂಡ್ರಿ ಅನ್ನೋ ಗುರುತು, ಹಾಕೋಕೆ ಜಾಗ ಇದೆ, ಅವತ್ತು ಕಂಡಿದ್ರಲ್ಲಿ ಅತಿ ಗಟ್ಟಿ ಸಾಕ್ಷಿ ಯಾವುದೋ ಆ ಕೋಡ್ ಹಾಕಿ. ಆದ್ರೆ ಅವಸರ ಬೇಡ. ಕಾಗೆ, ಹದ್ದು ತಮಗೇ ಅಂತಲೂ ಆಹಾರ ಹೊತ್ಕೊಂಡು ದೂರ ಹೋಗ್ತವೆ, ಅದೊಂದ್ರಿಂದ ಖಚಿತ ಅನ್ನೋಕಾಗಲ್ಲ. ಗಂಡು ಗೀಜಗ ಅರ್ಧರ್ಧ ಗೂಡು ಹಲವು ಕಟ್ಟತ್ತೆ, ಹೆಣ್ಣು ಬಂದು ಒಪ್ಪಿದ್ಮೇಲೇನೇ ಅದು ಸಂಸಾರ. ಕೋಗಿಲೆ ಕಾಗೆ ಗೂಡಲ್ಲಿ ಮೊಟ್ಟೆ ಇಡತ್ತಲ್ಲ, ಕಾಗೆ ಕೋಗಿಲೆ ಮರಿಗೆ ಗುಟುಕು ಕೊಡೋದು ಕಂಡ್ರೆ ಎರಡೂ ಹಕ್ಕಿಗೆ ಖಚಿತ ಅಂತ ಹಾಕಿ.

ನೆಲದ ಮೇಲೆ ಮೊಟ್ಟೆ ಇಡೋ ಟಿಟ್ಟಿಭ ತಲೆ ಮೇಲೆ ಕೂಗ್ತಾ ಎರಗಿದ್ರೆ ಅದಿನ್ನೂ ಎರಡನೇ ಮೆಟ್ಟಿಲೇ, ಆದ್ರೆ ನೀವು ಮಾತ್ರ ಅಲ್ಲೇ ನಿಲ್ಲಿ. ಮೊಟ್ಟೆ ಬೆಣಚುಕಲ್ಲಿನ ಥರಾನೇ ಇರತ್ತೆ, ಕಾಲ ಕೆಳಗೆ ಸಿಕ್ಕಿದ್ರೂ ಗೊತ್ತಾಗಲ್ಲ, ನೆಲ ನೋಡ್ಕೊಂಡು ಬಂದ ದಾರೀಲೇ ವಾಪಸ್ ಹೋಗಿ.

ದಯವಿಟ್ಟು ಗೂಡಿನ ಹತ್ರ ಹೋಗ್ಬೇಡಿ. ಶುರುಶುರುವಲ್ಲಿ ನಾನೊಂದು ಟುವ್ವಿ (ಎಲೆ ಹೊಲಿದು ಗೂಡು ಮಾಡೋ ಪುಟ್ಟ ಹಕ್ಕಿ) ಗೂಡು ಸರಿಯಾಗಿ ಕಾಣ್ಲಿ ಅಂತ ಎರಡೇ ಎರಡು ಎಲೆ ಸರಿಸಿದ್ದೆ, ಮೂರನೇ ದಿನ ಹೋದ್ರೆ ಗೂಡು ಹರಿದಿತ್ತು, ಮರಿ ಇರ್ಲಿಲ್ಲ. ನನ್ನಿಂದಾನೇ ಆಯ್ತೋ ಏನೋ, ಅವತ್ತಿಂದ ಎಲೆ ಮುಟ್ಟಿಲ್ಲ. ಮೊಬೈಲಲ್ಲಿ ಹಕ್ಕಿ ಕೂಗು ಹಾಕಿ ಕರೆಯೋದೂ ಬೇಡ, ಗೂಡಿನ ಫೋಟೋ, ಲೊಕೇಶನ್ ಗ್ರೂಪಲ್ಲಿ ಹಾಕೋದೂ ಬೇಡ.

ಒಂದು ವಾರ ಬಿಟ್ಟು ಮತ್ತೆ ಹೋಗಿ. ಗಿಡ್ಡ ಬಾಲ, ಬಾಯಂಚಲ್ಲಿ ಹಳದಿ, ಕೊಂಬೆ ಮೇಲೆ ಕೂತು ರೆಕ್ಕೆ ನಡುಗಿಸ್ತಾ ಗುಟುಕು ಕೇಳೋ ಮರಿ ಕಂಡ್ರೆ ತಾರೀಖು ಹಾಕಿ ಬರ್ಕೊಳ್ಳಿ.